ಸಿಗದ ಫೋನಿನಲ್ಲಿ ನನ್ನ ದನಿ

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ನರ್ಸಿಂಗ್ ಓದಿ ಗುಂಡ್ಲುಪೇಟೆಯ ಆ್ಯಂಬುಲೆನ್ಸಿನಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಕೆಲಸದಲ್ಲಿ ರಕ್ತ ನೋಡುವುದು ಬೇಗ ಅಭ್ಯಾಸವಾಗಿಬಿಡುತ್ತದೆ. ಸುಳ್ಳು ಫೋನು ಮಾತ್ರ ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ತುರ್ತು ನಂಬರಿಗೆ ದುಡ್ಡಿಲ್ಲದೆ ಕರೆ ಹೋಗುತ್ತದಲ್ಲ, ಹಾಗಾಗಿ ಹಟ ಮಾಡುವ ಮಕ್ಕಳ ಕೈಗೆ ಅದನ್ನೇ ಒತ್ತಿ ಕೊಡುವವರಿದ್ದರು. ಕರೆಂಟು ಹೋಯಿತೆಂದು ಹೇಳುವವರು, ಕುಡಿದು ಹೆಂಡತಿಯ ಮೇಲೆ ದೂರು ಹೇಳುವವರು, ಹೆಣ್ಣಿನ ದನಿ ಕೇಳಲೆಂದೇ ಮಾಡುವವರು, ಎಲ್ಲರೂ ಇದ್ದರು. ಒಬ್ಬ ಮಹಾನುಭಾವ ಗಾಡಿಯನ್ನೇ ಊರಿಗೆ ಕರೆಸಿ, "ತಲೆನೋವಿನ ಮಾತ್ರೆ ಇದ್ರೆ ಕೊಟ್ಟೋಗಿ" ಎಂದಿದ್ದ.

ಅವತ್ತು ಬೇಸಿಗೆಯ ಮಧ್ಯಾಹ್ನ. ತೆರಕಣಾಂಬಿಯ ಆಚೆ ಒಂದು ಹಳ್ಳಿಯಿಂದ ಕರೆ ಬಂತು. ಎದೆನೋವು, ಮೈಯೆಲ್ಲ ಬೆವರು, ಮಾತಾಡಲಾಗುತ್ತಿಲ್ಲ ಎಂದರು. ಡ್ರೈವರ್ ಸಿದ್ರಾಜಣ್ಣ ಊಟ ಅರ್ಧಕ್ಕೇ ಬಿಟ್ಟು ಗಾಡಿ ತೆಗೆದರು. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಒಬ್ಬ ಯಜಮಾನ ಜಗಲಿಯ ಮೇಲೆ ಕೂತಿದ್ದಾನೆ.

"ಎದೆನೋವು ಯಾರಿಗೆ?" ಎಂದೆ.

"ನಂಗೇ ಕಣವ್ವ. ಈಗ ವಸಿ ಕಮ್ಮಿ ಆಯ್ತು. ಚಾಮ್ರಾಜನಗರದಲ್ಲಿ ನಮ್ಮಣ್ಣನ ಮಗಳ ಬೀಗ್ರೂಟ, ಬಸ್ಸು ಬುಟ್ಟೋಗ್ಬುಡ್ತು. ಎಂಗೂ ನೀವು ಆಸ್ಪತ್ರೆಗೆ ಓಗೋರೆ ಅಲ್ವಾ, ಅಲ್ಲೇ ಇಳಿಸ್ಬುಡಿ."

ಸಿದ್ರಾಜಣ್ಣ ಬಾಯಿಗೆ ಬಂದದ್ದನ್ನು ಅಂದರು. ಅವನೂ ಸುಮ್ಮನಿರಲಿಲ್ಲ, "ಸರ್ಕಾರದ ಗಾಡಿ ಕಣಯ್ಯ, ನಿಮ್ಮಪ್ಪಂದಲ್ಲ" ಎಂದ. ಆ ಜಗಳದ ನಡುವೆಯೇ ತುರ್ತು ಕರೆ ತೆಗೆದುಕೊಳ್ಳುವ ಸೆಂಟರಿನಿಂದ ನನಗೆ ಫೋನು ಬಂತು. ಬೇಗೂರಿನ ಹತ್ತಿರ ಒಂದು ತೋಟದ ಮನೆ. ನೀರಿನ ತೊಟ್ಟಿಗೆ ಮಗು ಬಿದ್ದಿದೆ, ತಾಯಿ ಎತ್ತಿದ್ದಾಳೆ, ಉಸಿರಿಲ್ಲ. ವಿಳಾಸ ಹೇಳಿ ಮುಗಿಸುತ್ತಿದ್ದಂತೆ ಲೈನು ಕಟ್ಟಾಯಿತಂತೆ, ಆಮೇಲೆ ಸಿಗುತ್ತಿಲ್ಲವಂತೆ. ಹತ್ತಿರದ ಇನ್ನೊಂದು ಗಾಡಿ ರೋಗಿಯನ್ನು ಬಿಡಲು ಮೈಸೂರಿಗೆ ಹೋಗಿತ್ತು.

ಗುಂಡ್ಲುಪೇಟೆಯಲ್ಲೇ ನಿಂತಿದ್ದರೆ ಬೇಗೂರು ಎಷ್ಟರದು! ಈಗ ಬಂದ ದಾರಿಯಷ್ಟೂ ವಾಪಸು ಹೋಗಿ, ಪೇಟೆ ದಾಟಿ, ಮತ್ತೆ ಹೈವೇ ಹಿಡಿಯಬೇಕು. ಆ ಯಜಮಾನನನ್ನು ಅಲ್ಲೇ ಬಿಟ್ಟು ಹೊರಟೆವು.

ನಾನು ಮುಂದಿನ ಸೀಟಿನಲ್ಲಿ ಕೂತು ಸೆಂಟರಿನವರು ಕೊಟ್ಟ ಆ ತಾಯಿಯ ನಂಬರಿಗೆ ಒತ್ತಿದೆ. ಸ್ವಿಚ್ ಆಫ್. ಮತ್ತೆ ಒತ್ತಿದೆ. ಮತ್ತೆ ಅದೇ. ನೀರಿಗೆ ಬಿದ್ದ ಮಗುವಿಗೆ ಇರುವುದು ಕೆಲವೇ ನಿಮಿಷ ಎಂಬುದು ನನಗೆ ಗೊತ್ತು. ಪೇಟೆಯಲ್ಲಿ ಈರುಳ್ಳಿ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ತಿರುಗಲಾಗದೆ ನಿಂತಿತ್ತು. ಸೈರನ್ ಬಡಿದುಕೊಳ್ಳುತ್ತಿತ್ತು, ಸಿದ್ರಾಜಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚುತ್ತಿದ್ದರು, ಲಾರಿ ಅಲ್ಲಾಡಲಿಲ್ಲ. ಆಗ ನನ್ನೊಳಗೆ ಏನೋ ಕಿತ್ತುಹೋದಂತಾಯಿತು. ಆಚೆ ಯಾರೂ ಸಿಗದ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮಾತಾಡಲು ಶುರುಮಾಡಿದೆ.

"ಮಗೂನ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಮ್ಮ. ಬಾಯೊಳಗೆ ಏನಾದ್ರೂ ಇದ್ರೆ ತೆಗಿ. ಬಾಯಿ ಮೂಗು ಎರಡನ್ನೂ ನಿನ್ನ ಬಾಯಿಂದ ಮುಚ್ಚಿ ಊದು. ಎದೆ ಮಧ್ಯೆ ಒಂದು ಕೈ ಇಟ್ಟು ಒತ್ತು, ಬೇಗ ಬೇಗ ಒತ್ತು. ಮತ್ತೆ ಊದು. ಯಾರಾದ್ರೂ ತಲೆಕೆಳಗೆ ಹಿಡೀತೀನಿ ಅಂತ ಬಂದ್ರೆ ಕೊಡ್ಬೇಡ. ನಿಲ್ಲಿಸ್ಬೇಡ ತಾಯಿ, ನಾನು ಬರ್ತಾ ಇದೀನಿ, ನಿಲ್ಲಿಸ್ಬೇಡ."

ಹೇಳಿದ್ದನ್ನೇ ಹೇಳಿದೆ. ಯಾರಿಗೂ ಕೇಳುವುದಿಲ್ಲ ಎಂದು ತಿಳಿದೇ ಹೇಳಿದೆ. ಕಣ್ಣೀರು ಇಳಿದು ಫೋನೆಲ್ಲ ಒದ್ದೆಯಾಯಿತು. ಸಿದ್ರಾಜಣ್ಣ ಒಮ್ಮೆ ನನ್ನ ಕಡೆ ತಿರುಗಿ ನೋಡಿ ಮತ್ತೆ ರಸ್ತೆಗೆ ಕಣ್ಣು ನೆಟ್ಟರು.

ತೋಟದ ಮನೆ ಮುಟ್ಟುವ ಹೊತ್ತಿಗೆ ಮಗು ಸತ್ತಿರುತ್ತದೆ ಎಂದೇ ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಮುಖ ಒರೆಸಿಕೊಂಡು ಇಳಿದೆ. ತೊಟ್ಟಿಯ ಪಕ್ಕ, ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಹುಡುಗಿಯಂಥ ಆ ತಾಯಿ ಮಗುವನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡಿದ್ದಳು. ಮಗು ವಾಂತಿ ಮಾಡಿಕೊಂಡು ಸಣ್ಣಗೆ ನರಳುತ್ತಿತ್ತು. ಉಸಿರಿತ್ತು! ಎತ್ತಿಕೊಂಡು ಗಾಡಿಗೆ ಓಡಿದೆ, ಆಕ್ಸಿಜನ್ ಹಾಕಿದೆ.

ತಾಯಿಯ ಹೆಸರು ಮಂಜುಳ. ಗಾಡಿ ಹೊರಟ ಮೇಲೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀವು ಫೋನಲ್ಲಿ ಏಳ್ದಂಗೆಲ್ಲ ಮಾಡ್ದೆ. ನಮ್ಮತ್ತೆ ಓಡ್ಬಂದು ಕಾಲಿಡ್ದು ನೇತಾಕು ಅಂದ್ರು, ನೀವು ಬ್ಯಾಡ ಅಂದಿದ್ರಲ್ಲ, ಕೊಡ್ಲೇ ಇಲ್ಲ ನಾನು" ಎಂದಳು.

"ಫೋನಲ್ಲಿ ಯಾರು ಹೇಳಿದ್ದು?"

"ನೀವೇ ಕಣಕ್ಕ. ಇದೇ ದನಿ. ಫೋನ ಕಲ್ಲ್ ಮ್ಯಾಲೆ ಮಡಗಿದ್ದೆ, ಪಕ್ಕದಲ್ಲೇ ಕುಂತು ಏಳ್ತಾ ಇದ್ದಂಗೆ ಕೇಳ್ತಿತ್ತು."

ಅವಳ ಅತ್ತೆ ಆ ಫೋನನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಮಗುವಿನ ಅಪ್ಪನಿಗೆ ತಿಳಿಸಬೇಕೆಂದು ಇಸಿದುಕೊಂಡು ನೋಡಿದೆ. ವಿಳಾಸ ಹೇಳುವಾಗಲೇ ಕೈಜಾರಿ ತೊಟ್ಟಿಗೆ ಬಿದ್ದಿತ್ತಂತೆ, ಒಳಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಒತ್ತಿದರೂ ಬೆಳಕು ಹತ್ತಲಿಲ್ಲ.

ಮಗುವನ್ನು ಗುಂಡ್ಲುಪೇಟೆಯಿಂದ ಮೈಸೂರಿಗೆ ಕಳಿಸಿದರು, ಬದುಕಿತು. ನಾನು ಸೆಂಟರಿನಲ್ಲಿ ವಿಚಾರಿಸಿದೆ. ಲೈನು ಕಟ್ಟಾದ ಮೇಲೆ ಅವಳ ಜೊತೆ ಯಾರೂ ಮಾತಾಡಿಲ್ಲ ಎಂದರು. ನನ್ನ ಫೋನಿನಿಂದಲೂ ಅವಳ ನಂಬರಿಗೆ ಒಂದು ಕರೆಯೂ ಸೇರಿರಲಿಲ್ಲ. ಆಶಾ ಕಾರ್ಯಕರ್ತೆಯರು ಎಂದೋ ಹೇಳಿಕೊಟ್ಟದ್ದು ಆ ಗಾಬರಿಯಲ್ಲಿ ಅವಳಿಗೆ ನೆನಪಾಗಿರಬೇಕು, ನನ್ನನ್ನು ಕಂಡ ಮೇಲೆ ಆ ಮಾತಿಗೆ ನನ್ನ ದನಿ ಅಂಟಿಕೊಂಡಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿದ್ರಾಜಣ್ಣ ಮಾತ್ರ ಆ ವಿಷಯ ತೆಗೆದರೆ "ಬುಡವ್ವ ಅದ" ಎಂದು ಬೇರೆ ಕಡೆ ನೋಡುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಬೇಗೂರಿನ ಕಡೆ ಹೋದಾಗ ಮಂಜುಳಳ ಮನೆಗೆ ಹೋದೆ. ಮಗು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿತ್ತು. ಕಾಫಿ ಕೊಟ್ಟು, ಎದುರಿಗೆ ಕೂತು, ಅವಳು ಸಂಕೋಚದಿಂದ ಕೇಳಿದಳು.

"ಅಕ್ಕಾ, ಒಂದ್ ಮಾತ್ ಕೇಳ್ಲಾ? ದಿನಾ ಇಂಥವೆಲ್ಲ ನೋಡೋರು ನೀವು. ಅವತ್ತು ಫೋನಲ್ಲಿ ಯಾಕಕ್ಕ ಅಷ್ಟೊಂದು ಅಳ್ತಿದ್ರಿ?"

ನಾನು ಅತ್ತದ್ದನ್ನು ಸಿದ್ರಾಜಣ್ಣನ ಹೊರತು ಯಾರೂ ನೋಡಿರಲಿಲ್ಲ, ಅವರು ಈ ಮನೆಯ ಕಡೆ ಮತ್ತೆ ಕಾಲಿಟ್ಟಿರಲಿಲ್ಲ.