ಪಂಚಾಯಿತಿಗೆ ಕೂರದ ಜಯಂತಿ

೧೯೮೬ರಲ್ಲಿ ಜಯಂತಿ ಕೌಂಟಿಯ ಸುಪೀರಿಯರ್ ಕೋರ್ಟಿನ ನ್ಯಾಯಾಧೀಶೆಯಾಗಲು ಚುನಾವಣೆಗೆ ನಿಂತಾಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಕನ್ನಡದವರು ಮೊದಲು ನಂಬಲಿಲ್ಲ. ಜಡ್ಜಿಗೂ ಓಟು ಹಾಕುತ್ತಾರೆಯೇ? ಹಾಕುತ್ತಾರೆಂದು ತಿಳಿದ ಮೇಲೆ, ಸೀಟು ಆಗಲೇ ತಮ್ಮ ಕೈಗೆ ಬಂದಂತೆ ಓಡಾಡತೊಡಗಿದರು.

ಜಯಂತಿ ಉಡುಪಿಯಲ್ಲಿ ಲಾ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಆ ಡಿಗ್ರಿ ಇಲ್ಲಿ ನಡೆಯಲಿಲ್ಲ. ಹಗಲು ಕೋರ್ಟಿನ ಆಫೀಸಿನಲ್ಲಿ ಫೈಲು ಜೋಡಿಸುತ್ತ, ಸಂಜೆ ಮತ್ತೆ ಕಾನೂನು ಓದಿದಳು. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲೆಯಾಗಿ ಹತ್ತು ವರ್ಷ ಮೀರಿತ್ತು. ಪ್ರಚಾರಸಭೆಗಳಲ್ಲಿ ಎಲ್ಲರೂ ಮರಣದಂಡನೆ ಕೊಡುತ್ತೀರಾ ಎಂದೇ ಕೇಳುತ್ತಿದ್ದರು. "ಕೇಸು ಕೇಳುವ ಮೊದಲೇ ತೀರ್ಪು ಹೇಳುವವರಿಗೆ ಓಟು ಹಾಕಬೇಡಿ" ಎನ್ನುತ್ತಿದ್ದಳು. ಚಪ್ಪಾಳೆ ಬೀಳುತ್ತಿರಲಿಲ್ಲ.

ಅವಳ ಅಜ್ಜ ಊರಿನಲ್ಲಿ ಮನೆಯ ಚಾವಡಿಯಲ್ಲೇ ಪಂಚಾಯಿತಿ ನಡೆಸುತ್ತಿದ್ದರು. ಒಳ್ಳೆಯ ಮನುಷ್ಯ. ಹೊಡೆಯುವ ಗಂಡನ ಮನೆಗೆ ಹೆಂಗಸರನ್ನು ಬುದ್ಧಿ ಹೇಳಿ ವಾಪಸು ಕಳಿಸಿದ್ದೂ ಒಳ್ಳೆಯತನದಿಂದಲೇ. ಒಬ್ಬರ ಒಳ್ಳೆಯತನವನ್ನೇ ನಂಬಿ ನಿಂತ ನ್ಯಾಯವನ್ನು ಯಾರಿಂದಲೂ ಪ್ರಶ್ನಿಸಲಾಗುವುದಿಲ್ಲ ಎಂಬುದನ್ನು ಜಯಂತಿ ಅಲ್ಲೇ ಕಂಡಿದ್ದಳು.

ಮೇ ತಿಂಗಳ ಒಂದು ಭಾನುವಾರ ಹರಿಶ್ಚಂದ್ರ ಅವಳನ್ನು ಮನೆಗೆ ಕರೆದರು. ಕರಾವಳಿಯ ಕುಟುಂಬಗಳಲ್ಲಿ ಅವರ ಮಾತು ನಡೆಯುತ್ತಿತ್ತು. ಮನೆಮನೆಗೆ ಕರಪತ್ರ ಹಂಚಲು ಹುಡುಗರನ್ನು ಒಟ್ಟುಮಾಡಿದವರೂ ಅವರೇ. ಜಯಂತಿಗೆ ಬೇರೆ ಜನಬಲವಿರಲಿಲ್ಲ. ಪ್ರಚಾರದ ಮೀಟಿಂಗು ಎಂದುಕೊಂಡು ಹೋದಳು. ಹಾಲ್‌ನಲ್ಲಿ ಹರಿಶ್ಚಂದ್ರರ ಸೋದರಳಿಯ ಜಯರಾಜ್, ಎದುರಿಗೆ ಅವನ ಹೆಂಡತಿ ಸ್ನೇಹಲತಾ. ನಡುವೆ ಒಂದು ಖಾಲಿ ಕುರ್ಚಿ.

"ಕೂತ್ಕೊ ಮಾರಾಯ್ತಿ. ಇವಳು ಡೈವೋರ್ಸು ಅಂತಾಳೆ. ಸಣ್ಣ ಮಗು ಉಂಟು. ಎರಡು ಮಾತು ಹೇಳಿ ಮುಗಿಸಿಬಿಡು."

"ನಾನ್ಯಾಕೆ ಹರಿಶ್ಚಂದ್ರಣ್ಣ?"

"ನಾಳೆ ಜಡ್ಜಿ ಆಗುವವಳಲ್ವಾ? ಮನೆಯದ್ದರಿಂದಲೇ ಶುರು ಮಾಡು."

ಜಯರಾಜ್ ನಕ್ಕ. ಸ್ನೇಹಲತಾ ನಗಲಿಲ್ಲ.

ಕೂತು ಆ ಹುಡುಗಿಯ ಪರವಾಗಿಯೇ ಮಾತಾಡಬಹುದಿತ್ತು. ಆದರೆ ಜಯರಾಜನ ಸೋದರಮಾವನೇ ಹಾಕಿಸಿದ ಕುರ್ಚಿಯಲ್ಲಿ ಕೂತು ಹೇಳಿದ್ದು ಅಜ್ಜನ ತೀರ್ಪಿಗಿಂತ ಹೇಗೆ ಬೇರೆಯಾದೀತು?

"ನಾನು ಕೂರುವುದಿಲ್ಲ" ಎಂದಳು. "ಸ್ನೇಹಲತಾ, ನಿನಗೆ ಬೇಕಿದ್ದರೆ ಕೋರ್ಟಿಗೆ ಹೋಗು. ವಕೀಲರು ಎಲ್ಲಿ ಸಿಗ್ತಾರೆ ಅಂತ ಫೋನು ಮಾಡಿದರೆ ಹೇಳ್ತೇನೆ. ಜಯರಾಜ್, ನೀನು ಕೇಳಿದರೂ ಹೇಳ್ತೇನೆ."

"ನಮ್ಮವರ ಸಂಸಾರವನ್ನು ಬೀದಿಗೆ ಹಾಕ್ತೀಯಾ? ಮತ್ತೆ ನಿನ್ನನ್ನು ಗೆಲ್ಲಿಸಿ ನಮಗೆಂಥ ಸಿಗ್ತದೆ?"

"ಎಂಥದೂ ಸಿಗುವುದಿಲ್ಲ, ಅಣ್ಣ. ಬೇರೆಯವರಿಗೂ ಅಷ್ಟೇ ಸಿಗ್ತದೆ."

ಮುಂದಿನ ವಾರ ಹುಡುಗರು ಬರಲಿಲ್ಲ. ಜಯಂತಿ, ಗಂಡ ಜಯಕರ ಇಬ್ಬರೇ ಕೈಲಾದಷ್ಟು ಬೀದಿ ಸುತ್ತಿದರು. ಜೂನಿನ ಚುನಾವಣೆಯಲ್ಲಿ ಅವಳು ಸೋತಳು. ಹುಡುಗರಿದ್ದಿದ್ದರೆ ಗೆಲ್ಲುತ್ತಿದ್ದಳೆಂದು ಕೆಲವರು ಹೇಳಿದರು. ಇರಬಹುದು.

ಸ್ನೇಹಲತಾ ಕೋರ್ಟಿಗೆ ಹೋದಳು. ಮಗು ಅವಳ ಹತ್ತಿರವೇ ಉಳಿಯಿತು. ವಾರಾಂತ್ಯ ಮಾತ್ರ ತಂದೆಯ ಮನೆಗೆ ಹೋಗಬೇಕೆಂದು ಆದೇಶವಾಯಿತು. ಅಷ್ಟೂ ಒಪ್ಪಿಗೆಯಾಗದೆ ಅವಳು ಜಯಂತಿಗೆ ಫೋನು ಮಾಡಿದಳು.

"ಆ ಸೀಟಿನಲ್ಲಿ ನೀವಿದ್ದಿದ್ದರೆ ಹೀಗಾಗ್ತಿರಲಿಲ್ಲ, ಅಕ್ಕ."

"ನಾನಿದ್ದಿದ್ದರೆ ನಿನ್ನ ಕೇಸು ಮುಟ್ಟುತ್ತಲೇ ಇರಲಿಲ್ಲ. ನಿನ್ನ ಗುರುತುಂಟಲ್ಲ. ಬೇರೆ ಜಡ್ಜಿಗೆ ಕಳಿಸ್ತಿದ್ದೆ."



"ಹಾಗಾದರೆ ಈಗ ನಾನು ಏನು ಮಾಡುವುದು?"

"ಯಾಕೆ ಹಾಗೆ ತೀರ್ಮಾನಿಸಿದರು ಅಂತ ಬರೆದು ಕೊಟ್ಟಿದ್ದಾರಲ್ಲ, ಅದನ್ನು ಓದು. ಎಲ್ಲಿ ತಪ್ಪು ಅನ್ನಿಸ್ತದೋ ಅಲ್ಲಿ ನಿಲ್ಲಿಸು. ಅದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು."

ಸ್ನೇಹಲತಾ ಆದೇಶದ ಕಾಗದ ತಂದು ಫೋನಿನಲ್ಲೇ ಓದತೊಡಗಿದಳು. ಮೂರನೆಯ ಸಾಲಿಗೆ ನಿಲ್ಲಿಸಿದಳು.