ಭಾನುವಾರದ ಫೋನು

ಕೋಲಾರದ ನಮ್ಮ ಕಚೇರಿಗೆ ಮೊಬೈಲ್ ಹೊಸದಾಗಿ ಬಂದ ವರ್ಷ. ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತಿದ್ದ ನಮ್ಮ ಸಹೋದ್ಯೋಗಿಯೊಬ್ಬರು, ಏನಾದರೂ ಕೆಟ್ಟಿತೆಂದು ಕರೆ ಬಂದೀತೆಂದು, ಭಾನುವಾರವೂ ಅದನ್ನು ಜೇಬಿನಲ್ಲಿಟ್ಟುಕೊಂಡು, ಆಗಾಗ ಅಂಗೈಯಿಂದ ಮುಟ್ಟಿ ನೋಡುತ್ತಿದ್ದರು. ಆವನಿ ಹತ್ತಿರದ ಅವರ ಊರಿನಲ್ಲಿ ಸಿಗ್ನಲ್ ಇರಲಿಲ್ಲ. ಹಾಗಾಗಿ ಅವರು ಯಾವ ಭಾನುವಾರವೂ ಊರಿಗೆ ಹೋಗುತ್ತಿರಲಿಲ್ಲ.

"ಕಾಯೋದೂ ಕೆಲ್ಸಾನೇ ಸಾರ್, ಅದಕ್ಕೂ ಕೂಲಿ ಕೊಡಿ" ಎಂದು ಪ್ರತಿ ತಿಂಗಳೂ ಅರ್ಜಿ ಹಿಡಿದು ಮ್ಯಾನೇಜರನ್ನು ಕೇಳುತ್ತಿದ್ದರು.

"ಫೋನೇ ಬರ್ದಿದ್ರೆ ಯಾತರ ಕೆಲ್ಸಾನಯ್ಯಾ? ಜೇಬಲ್ಲಿ ಇಟ್ಕೊಳ್ಳಕ್ಕೂ ದುಡ್ಡಾ?" ಎನ್ನುತ್ತಿದ್ದರು ಮ್ಯಾನೇಜರು.

ಒಂದು ಭಾನುವಾರ ಊರಿನಲ್ಲಿ ರಿಪೇರಿಯವರ ತಂಗಿಯ ನಿಶ್ಚಿತಾರ್ಥ. "ಹೋಗ್ಬಾರಯ್ಯಾ, ಫೋನ್ ನಾನೇ ಇಟ್ಕೊಂಡಿರ್ತೀನಿ. ಅದೇನ್ ಮಹಾ!" ಎಂದು ಮ್ಯಾನೇಜರು ಇಸಿದುಕೊಂಡರು.

ಸೋಮವಾರ ಮ್ಯಾನೇಜರು ಮುಖ ಊದಿಸಿಕೊಂಡು ಬಂದರು. "ಒಂದೂ ಫೋನ್ ಬರ್ಲಿಲ್ಲ ಕಣಯ್ಯಾ. ಮನೆಯವ್ರೆಲ್ಲ ಶ್ರೀನಿವಾಸಪುರದ ಮಾವಿನ ತೋಟಕ್ಕೆ ಹೋದ್ರು. ಅಲ್ಲಿ ಸಿಗ್ನಲ್ ಸಿಗಲ್ಲ ಅಂತ ನಾನೊಬ್ನೇ ಮನೇಲಿ ಕೂತಿದ್ದೆ."

ರಿಪೇರಿಯವರು ಫೋನನ್ನು ವಾಪಸು ಪಡೆದು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು: "ಹಂಗಾದ್ರೆ ನಿನ್ನೆ ಕೂಲಿ ನಿಮ್ಮ ಹೆಸರಿಗೆ ಬರೀಲಾ ಸಾರ್?"

"ನಂದು ಬಿಡು. ನಿನ್ನ ಅರ್ಜಿ ತಗೊಂಬಾ" ಎಂದು ಮ್ಯಾನೇಜರು ಸಹಿ ಹಾಕಲು ಪೆನ್ನು ತೆಗೆದರು.