ಸಮುದ್ರಕ್ಕೆ ಅಮ್ಮ ಕೊಟ್ಟ ಬಾಗಿನ

"ಅಲ್ಲ ಕಣೇ, ಇದರ ಏರಿ ಎಲ್ಲೈತೆ? ತುಂಬಿದ್ರೆ ಕೋಡಿ ಯಾವ ಕಡೆ ಬೀಳ್ತದೆ?"

ಮೊದಲ ಸಲ ಸಮುದ್ರ ಕಂಡ ನಮ್ಮಮ್ಮ ಕೇಳಿದ್ದು ಇದನ್ನು. ತುಮಕೂರು ಸೀಮೆಯ ಕಡಬದ ಕೆರೆ ನೋಡುತ್ತ ಮುದುಕಿಯಾದವಳು. ನೀರು ಅಂದಮೇಲೆ ಅದಕ್ಕೊಂದು ಏರಿ, ಒಂದು ಕೋಡಿ ಇರಲೇಬೇಕು ಅವಳಿಗೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಾವಿಬ್ಬರೂ ಹೋಗಿದ್ದು ವಿಯೆಟ್ನಾಮಿನ ಹಾ ತಿಯೆನ್ ಎಂಬ ಪುಟ್ಟ ಬಂದರಿಗೆ. ಆ ಗುಡ್ಡಗಳಾಚೆ ಕಾಂಬೋಡಿಯಾ ಎಂದರೆ, "ನಮ್ಗೆ ಬೆಳ್ಳಾವಿ ಸಂತೆನೇ ಇದಕ್ಕಿಂತ ದೂರ ಬುಡು" ಎಂದಳು. ತುಮಕೂರಿನ ಬ್ಯಾಂಕಿನಿಂದ ರಜೆ ಗಿಟ್ಟಿಸಿ, ಅಣ್ಣಂದಿರ ಗೊಣಗಾಟಕ್ಕೆ ಕಿವಿಗೊಡದೆ ಅವಳನ್ನು ಹೊರಡಿಸಿಕೊಂಡು ಬಂದಿದ್ದೆ. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೋಟೆಲಿನಲ್ಲಿ ಅವಳ ಸೂಟ್‌ಕೇಸ್ ತೆಗೆದರೆ ಸೀರೆಗಳ ನಡುವೆ ಜೋಡಿ ಮೊರ! ಒಳಗೆ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ.

"ಅಯ್ಯೋ, ಏನಮ್ಮ ಇದು?"

"ಬಾಗಿನ. ಗಂಗಮ್ಮಂಗೆ."

ಕೆರೆ ಕೋಡಿ ಬಿದ್ದಾಗಲೆಲ್ಲ ಎಲ್ಲರಿಗಿಂತ ಮುಂದೆ ನಿಂತು ಬಾಗಿನ ಬಿಡುತ್ತಿದ್ದವಳು ಅಮ್ಮ. ಅಪ್ಪ ಹೋದ ಮೇಲೆ, ಇನ್ನು ನೀನು ಮುಟ್ಟಬಾರದು ಎಂದು ಊರಿನವರು ಅವಳನ್ನು ಹಿಂದಕ್ಕೆ ಸರಿಸಿದರು. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

"ಇಲ್ಲಿ ಬ್ಯಾಡ ಅನ್ನೋರು ಯಾರವ್ರೆ?" ಎಂದಳು.

"ಯಾರೂ ಇಲ್ಲ. ನಡಿಯಮ್ಮ!"

ದೋಣಿ ಕಟ್ಟುವ ಕಡೆ ಮೆಟ್ಟಿಲು ಪಾಚಿಗಟ್ಟಿತ್ತು. ಕೊನೆಯ ಮೆಟ್ಟಿಲಲ್ಲಿ ಅಮ್ಮ ಮೊರ ಹಿಡಿದು ನೀರಿನತ್ತ ಬಗ್ಗಿದಳು. ಜಾರುತ್ತಾಳೆಂದುಕೊಂಡ ಮೀನು ಮಾರುವ ಹೆಂಗಸೊಬ್ಬಳು ಓಡಿಬಂದು ಅವಳ ರಟ್ಟೆ ಹಿಡಿದಳು. ಅಮ್ಮ ಅವಳ ಬರಿಯ ಹಣೆ, ಬರಿಗೈ ನೋಡಿದಳು.

"ಮುತ್ತೈದೆನೋ ಅಲ್ವೋ ಹೆಂಗೆ ತಿಳ್ಕಳದೇ?"

"ತಿಳ್ಕೊಂಡು ಏನ್ಮಾಡ್ತೀಯಮ್ಮ?"

ಅಮ್ಮನಿಗೆ ಕಿಸಕ್ಕನೆ ನಗು ಬಂತು. ಬಾಗಿನದ ಬಳೆಗಳಲ್ಲಿ ನಾಲ್ಕನ್ನು ತೆಗೆದು ಆ ಹೆಂಗಸಿನ ಕೈಗೇ ತೊಡಿಸಿ, ಮೊರವನ್ನು ನೀರಿಗೆ ಬಿಟ್ಟಳು.

ಹಾಳಾದ್ದು ಒಂದು ಅಲೆ, ಮೊರವನ್ನು ಹೊತ್ತು ತಂದು ಮತ್ತೆ ಅಮ್ಮನ ಕಾಲಿಗೇ ಬಡಿಯಿತು.

"ಗಂಗಮ್ಮ ಒಲ್ಲೆ ಅಂತಾವ್ಳೆ ಕಣೇ!" ಅಮ್ಮನ ಮುಖ ಬಿಳುಚಿಕೊಂಡಿತು.

ಆ ಹೆಂಗಸು ಏನೋ ಗದರಿದಳು, ನಮಗೋ ಅಲೆಗೋ ಗೊತ್ತಿಲ್ಲ. ಪಕ್ಕದ ದೋಣಿಯಿಂದ ಗಳ ಎಳೆದುಕೊಂಡು ಮೊರವನ್ನು ಜೋರಾಗಿ ಆಚೆ ನೂಕಿದಳು. ಅದು ದೋಣಿಗಳ ಸಂದಿಯಲ್ಲಿ ತೇಲಿ ತೇಲಿ ಹೋಯಿತು. ನಾನು ಚಿಕ್ಕ ಹುಡುಗಿಯ ಹಾಗೆ ಸಿಳ್ಳೆ ಹಾಕಿದೆ. ಅಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಈ ಮಳೆಗಾಲ ಕಡಬದ ಕೆರೆ ಕೋಡಿ ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರ ಹಿಡಿದು ಏರಿ ಹತ್ತಿದಳು ಅಮ್ಮ. ಊರಿನ ಯಜಮಾನರೊಬ್ಬರು ಅಡ್ಡ ಬಂದು, "ಏನಮ್ಮ, ನೀನು ಹಿಂದೆ ನಿಂತ್ಕೊ" ಎಂದರು.

"ಸಮುದ್ರನೇ ಈಸ್ಕೊಂಡೈತೆ, ನಿಮ್ಮ ಕೆರೆದೇನು?" ಎಂದಳು ಅಮ್ಮ. "ಸರ್ಕಳಿ."